ಆಡು-ಹುಲಿ ಆಟಕ್ಕೊಂದು ಎಲೆಕಟ್ಟು
3 ಹುಲಿ, 15 ಆಡುಗಳ ಆಡು-ಹುಲಿ ಆಟದಲ್ಲಿ ಎಲ್ಲವೂ ಕಣ್ಣೆದುರೇ ಇರುತ್ತದೆ, ಅದೃಷ್ಟಕ್ಕೆ ಜಾಗವಿಲ್ಲ. ಇಂಥ ಕಾಳಗದ ಆಟಕ್ಕೆ, ಬೇಕೆಂದವರು ಮಾತ್ರ ಬಳಸುವ ಎಲೆಗಳ ಕಟ್ಟೊಂದನ್ನು ಸೇರಿಸಿದರೆ ಜಾಣ್ಮೆ ಮೂಲೆಗೆ ಬೀಳುತ್ತದೆ ಎಂಬ ಆಕ್ಷೇಪ ಇದ್ದದ್ದೇ. ಆದರೆ ಚದುರಂಗದಲ್ಲಿ ಪಳಗಿದ ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರೇ ಗಂಜೀಫಾ ಎಂಬ ಹಳೆಯ ಎಲೆಯಾಟದಲ್ಲಿ 360 ಎಲೆಗಳವರೆಗಿನ ಕಟ್ಟುಗಳನ್ನು ರೂಪಿಸಿದರು. ಬಿದ್ದ ಎಲೆ ನೆನಪಿಡದವರಿಗೆ ಗಂಜೀಫಾ ದಕ್ಕುವುದಿಲ್ಲ. ಆಡು-ಹುಲಿಯಲ್ಲೂ ಇಬ್ಬರು ಆಟಗಾರರಿಗೂ ಒಂದೇ ಬಗೆಯ ಐದೈದು ಎಲೆ ಕೊಟ್ಟುಬಿಟ್ಟರೆ ಅದೃಷ್ಟದ ಮಾತೇ ಇಲ್ಲ. ಯಾವಾಗ ಇಳಿಸುತ್ತಾರೆ ಎಂಬುದಷ್ಟೇ ಗುಟ್ಟು. ಪಟದ ನಡುಗೆರೆಯನ್ನು ಹರಿಹರದ ತುಂಗಭದ್ರೆ ಎಂದುಕೊಳ್ಳಿ: ‘ಹೊಳೆ ತುಂಬಿದೆ’ ಎಂಬ ಎಲೆ ಬಿದ್ದೊಡನೆ ಒಂದು ಸರದಿ ಯಾವ ಹುಲಿಯೂ ಅದನ್ನು ದಾಟುವಂತಿಲ್ಲ. ಅದನ್ನು ಈಗಲೇ ಇಳಿಸಬೇಕೋ, ಆಡಿನ ಬೆನ್ನಿಗೆ ಹುಲಿ ಬಂದು ನಿಂತಾಗಲೋ? ಇದು ಅಪ್ಪಟ ಲೆಕ್ಕಾಚಾರ. 1868ರಲ್ಲಿ 14 ಕಮಾನುಗಳ ಸೇತುವೆ ಮುಗಿಯುವವರೆಗೆ ಮಳೆಗಾಲದಲ್ಲಿ ಹರಿಹರಕ್ಕೆ ಬಂದ ದಂಡುಗಳಿಗೂ ಇದೇ ಚಿಂತೆ ಇದ್ದಿರಬೇಕು. ಎಲೆ ಬಂದರೆ ಜೂಜೂ ಬಂತು ಎಂದು ದಾವಣಗೆರೆಯ ಹಿರಿಯರು ಮೂಗು ಮುರಿಯಬಹುದು, ಆದರೆ ಪಣವಿಲ್ಲದೆ ಜೂಜೆಲ್ಲಿ? ನನ್ನ ತಕರಾರು ಬೇರೆ: ಹೊಸಬರ ಕೈಗೆ ಮೊದಲ ದಿನವೇ ಕಟ್ಟು ಕೊಡಬಾರದು. ಬರೀ ಆಡುಗಳಿಂದ ಹುಲಿಯನ್ನು ಕದಲದಂತೆ ಕಟ್ಟಿಹಾಕಲು ಕಲಿತ ಮೇಲೆ ಕೊಡಿ.