ಗೊಂಬೆ ಊರಿನ ಮಕ್ಕಳ ಕೈಗೆ ಮೊದಲು ಗೊಂಬೆ ಕೊಡಿ!

ತಾಯಂದಿರೇ, ತಂದೆಯರೇ, ಅಂಗನವಾಡಿ ಟೀಚರುಗಳೇ,

ಶಾಲೆಗೆ ಸೇರಿಸುವ ಕಾಲ ಮತ್ತೆ ಬಂದಿದೆ. ಪೇಟೆಯ ಕಂಬಕಂಬಕ್ಕೂ ಬ್ಯಾನರ್ ಕಟ್ಟಿದ್ದಾರೆ. ಮೂರು ವರ್ಷದ ಕೂಸಿಗೆ ಡಿಜಿಟಲ್ ಕ್ಲಾಸಂತೆ, ಗೋಡೆಯಗಲದ ಟಿವಿಯಂತೆ, ಮನೆಗೆ ಹೋದ ಮೇಲೆ ಮೊಬೈಲಿನಲ್ಲೇ ಹೋಂವರ್ಕಂತೆ. ಇದು ನಡೆಯುತ್ತಿರುವುದು ಬೇರೆಲ್ಲೂ ಅಲ್ಲ, ಚನ್ನಪಟ್ಟಣದಲ್ಲಿ! ನಾಡಿಗೆಲ್ಲ ಗೊಂಬೆ ಮಾಡಿಕೊಟ್ಟ ಊರಿನಲ್ಲಿ ನಮ್ಮದೇ ಮಕ್ಕಳು ಗೊಂಬೆ ಮುಟ್ಟದೆ ಬೆಳೆಯುತ್ತಿದ್ದಾರೆ.

ನಮ್ಮ ಗೊಂಬೆಗೆ 2005-06ರಲ್ಲೇ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂತು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ಚನ್ನಪಟ್ಟಣದ ಹೆಸರು ಹೇಳಿದರು, ಎಲ್ಲರೂ ಚಪ್ಪಾಳೆ ತಟ್ಟಿದೆವು. ಅದರಿಂದ ನಮ್ಮೂರ ಅಂಗನವಾಡಿಯ ಕೂಸಿಗೆ ಏನು ಸಿಕ್ಕಿತು? ಗೊಂಬೆ ಬೆಂಗಳೂರಿನ ಮಾಲಿಗೆ ಹೋಯಿತು, ವಿದೇಶಕ್ಕೆ ಹೋಯಿತು. ಮಾಡಿದವರ ಬೀದಿಯ ಮಗುವಿಗೆ ಉಳಿದದ್ದು ಒಡೆದ ಸ್ಕ್ರೀನಿನ ಮೊಬೈಲು.

ಒಮ್ಮೆ ಲೇತಿನ ಮುಂದೆ ಹೋಗಿ ನಿಂತು ನೋಡಿ. ಬಿಳೀ ಆಲೆಮರದ ತುಂಡು ಗಿರಗಿರನೆ ತಿರುಗುತ್ತದೆ, ಉಳಿ ತಗುಲಿದಲ್ಲೆಲ್ಲ ಹೊಟ್ಟು ಸುರುಳಿಯಾಗಿ ಉದುರುತ್ತದೆ. ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಮರಕ್ಕೆ ಹಿಡಿಯುತ್ತದೆ. ಮೇಲೆ ಒಣಗರಿ ಒತ್ತಿದರೆ ಫಳಫಳ ಹೊಳಪು. ಎಲ್ಲೂ ಚೂಪಿಲ್ಲ, ಮೊನೆಯಿಲ್ಲ. ಹಾಗೆ ಕಡೆದ, ಒಂದಕ್ಕಿಂತ ಒಂದು ದೊಡ್ಡದಾದ ಐದು ಬಳೆಗಳನ್ನು ಎರಡು ವರ್ಷದ ಮಗುವಿನ ಮುಂದಿಡಿ. ದೊಡ್ಡದರ ಮೇಲೆ ಚಿಕ್ಕದು ಕೂರಿಸಲು ಹೋಗಿ ತಪ್ಪುತ್ತದೆ, ಬೀಳಿಸುತ್ತದೆ, ಮತ್ತೆ ಎತ್ತಿಕೊಳ್ಳುತ್ತದೆ. ದೊಡ್ಡದು ಯಾವುದು, ಚಿಕ್ಕದು ಯಾವುದು ಎಂದು ಅದರ ಬೆರಳೇ ಕಲಿಯುತ್ತಿದೆ. ಮೊಬೈಲಿನಲ್ಲಿ ಬಳೆ ತಾನೇ ಹೋಗಿ ಕೂರುತ್ತದೆ, ಮಗು ಬಾಯಿಬಿಟ್ಟುಕೊಂಡು ನೋಡುತ್ತದೆ.

ಜರ್ಮನಿಯ ಫ್ರೋಬೆಲ್ 1837ರಲ್ಲಿ ಪುಟಾಣಿಗಳ ಶಾಲೆ ಶುರುಮಾಡಿ ಅವರ ಕೈಗಿತ್ತದ್ದು ಮರದ ಗೋಲ, ಮರದ ಉರುಳೆ, ಮರದ ಘನ. ಗೋಲ, ಉರುಳೆ ನಮ್ಮ ಕುಶಲಕರ್ಮಿಗಳು ದಿನಬೆಳಗಾದರೆ ಕಡೆಯುವ ಆಕಾರಗಳೇ! ಕಿಂಡರ್‌ಗಾರ್ಟನ್ ಎಂದು ಬೋರ್ಡು ಹಾಕಿಕೊಂಡವರಿಗೆ ಫ್ರೋಬೆಲ್ ಶಾಲೆಯ ಆ ಹೆಸರು ಬೇಕು, ಆ ಮರದ ಗೋಲ ಮಾತ್ರ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ಒಂದು ವರ್ಷದೊಳಗಿನ ಕೂಸಿಗೆ ಸ್ಕ್ರೀನ್ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಫೀಸು ವಸೂಲಿ ಮಾಡುವವರು ಇದನ್ನು ಓದಿಲ್ಲವೇ?

ಮೊಬೈಲಿಲ್ಲದೆ ಮಗು ಉಣ್ಣುವುದಿಲ್ಲ ಅನ್ನುತ್ತೀರಿ. ನಿಮ್ಮಜ್ಜಿ ಯಾವ ಮೊಬೈಲು ತೋರಿಸಿ ನಿಮಗೆ ಮುದ್ದೆ ನುಂಗಿಸಿದರು? ಮರದ ಗೊಂಬೆ ದುಬಾರಿ ಅನ್ನುತ್ತೀರಿ. ತಿಂಗಳು ತಿಂಗಳು ರೀಚಾರ್ಜ್ ಮಾಡಿಸುವಾಗ ಈ ಲೆಕ್ಕ ಎಲ್ಲಿ ಹೋಗುತ್ತದೆ? ಕಾಲಕ್ಕೆ ತಕ್ಕಂತೆ ಕಲಿಯಬೇಕು ಅನ್ನುತ್ತೀರಿ. ಎರಡು ವರ್ಷದ ಕೂಸು ಯೂಟ್ಯೂಬ್ ಉಜ್ಜಿದರೆ ಇಂಜಿನಿಯರ್ ಆಗಿಬಿಡುತ್ತದೆಯೇ?

ರಾಮನಗರದ ರೀಲಿಂಗ್ ಮನೆಯಲ್ಲಿ ರೇಷ್ಮೆಗೂಡು ಬೇಯುವ ಬಿಸಿನೀರಿನ ಹತ್ತಿರ ಮಗು ಬಾರದಿರಲಿ ಎಂದು ಮೂಲೆಗೆ ಕೂರಿಸಿ ಮೊಬೈಲು ಕೊಡುವ ತಾಯಿಯ ಮೇಲೆ ನಮಗೆ ಸಿಟ್ಟಿಲ್ಲ. ಕನಕಪುರ, ಮಾಗಡಿ ಹಳ್ಳಿಗಳಿಂದ ಬೆಳಗಾಗುತ್ತಲೇ ಗಾರ್ಮೆಂಟ್ಸ್ ವ್ಯಾನು ಹತ್ತುವ ಅಕ್ಕಂದಿರ ಮೇಲೂ ಇಲ್ಲ. ಅವರಿಗೆ ಬೇರೆ ದಾರಿ ಯಾರು ತೋರಿಸಿದ್ದಾರೆ?

ಸಿಟ್ಟಿರುವುದು ಬೇರೆಯವರ ಮೇಲೆ. ಗೊಂಬೆ ಊರಿನ ಹೆಸರು ಹೇಳಿ ಪ್ಲಾಸ್ಟಿಕ್ ಮಾಲು ಮಾರುವ ವ್ಯಾಪಾರಿಗಳೇ, 2023ರಲ್ಲಿ ಎಕ್ಸ್‌ಪ್ರೆಸ್‌ವೇ ಊರಾಚೆ ಹಾದುಹೋದ ಮೇಲೆ ಗಿರಾಕಿಯಿಲ್ಲ ಎಂದು ಅಳುತ್ತೀರಿ. ಊರೊಳಗೇ ಇರುವ ಸಾವಿರಾರು ಮಕ್ಕಳು ನಿಮ್ಮ ಕಣ್ಣಿಗೆ ಬಿದ್ದಿದ್ದಾರೆಯೇ? 2024ರಲ್ಲಿ ಸರ್ಕಾರಿ ಶಾಲೆಯಲ್ಲಿ ಎಲ್‌ಕೆಜಿ ಬೇಕೋ, ಅಂಗನವಾಡಿಯಲ್ಲೇ ಇರಲೋ ಎಂದು ಜಗಳವಾಡಿದಿರಲ್ಲ, ಎರಡೂ ಕಡೆಯವರೇ, ಆ ಮಗುವಿನ ಕೈಯಲ್ಲಿ ಏನಿರಬೇಕು ಎಂಬ ಮಾತು ನಿಮ್ಮ ಬಾಯಲ್ಲಿ ನಮಗೆ ಕೇಳಿಸಲಿಲ್ಲ. 1975ರ ಅಕ್ಟೋಬರ್ 2ರಿಂದ ಅಂಗನವಾಡಿ ಯೋಜನೆ ನಡೆದುಬಂದಿದೆ. ಶಾಲಾಪೂರ್ವ ಕಲಿಕೆಯ ಕಿಟ್ಟಿಗೆಂದು ಹಣವೂ ಬರುತ್ತದೆ. ಆ ಕಿಟ್ಟಿನಲ್ಲಿ ನಮ್ಮ ಗೊಂಬೆ ಯಾಕಿರಬಾರದು? ಸರ್ಕಾರದವರೇ, ಟೀಚರಮ್ಮನಿಗೆ ಪೋಷಣ್ ಟ್ರ್ಯಾಕರ್ ಆ್ಯಪ್ ತುಂಬುವ ಮೊಬೈಲು ಕೊಟ್ಟಿರಿ, ಮಕ್ಕಳಿಗೆ ಬುಗುರಿ ಕೊಡಲು ಕೈ ಬರಲಿಲ್ಲ!

ನಮ್ಮ ಜಿಲ್ಲೆಯ ಎಲ್ಲ ತಾಲ್ಲೂಕಿನವರೇ, ಬರುವ ಗ್ರಾಮಸಭೆಗೆ ಮಕ್ಕಳನ್ನು ಕರೆದುಕೊಂಡೇ ಬನ್ನಿ. ಪಿಡಿಒ ಮುಂದೆ, ಮೆಂಬರ್ ಮುಂದೆ ಎದ್ದು ನಿಂತು ಕೇಳಿ: ನಮ್ಮೂರ ಅಂಗನವಾಡಿಗೆ ಮರದ ಗೊಂಬೆ ಯಾವಾಗ ಬರುತ್ತದೆ? ಉತ್ತರ ಬರೆಸಿಕೊಳ್ಳದೆ ಏಳಬೇಡಿ. ಬ್ಯಾನರ್ ನೋಡಿ ಫೀಸು ಕಟ್ಟುವ ಮುಂಚೆ ಆ ಶಾಲೆಯೊಳಗೆ ಹೋಗಿ, ಆಟದ ಸಾಮಾನಿನ ಪೆಟ್ಟಿಗೆ ತೆಗೆದು ತೋರಿಸಿ ಅನ್ನಿ. ಈ ಕರಪತ್ರ ಓದಿಯಾದ ಮೇಲೆ ಪಕ್ಕದ ಮನೆಗೆ ಕೊಡಿ.