ಕೋಡ್ ಮುಕ್ತ, ಸರಿ. ನಮ್ಮ ಲ್ಯಾಪ್‌ಟಾಪಿನಲ್ಲಿ ಓಡಬೇಕಲ್ಲ?

ಪುಣಜನೂರು ಚೆಕ್‌ಪೋಸ್ಟ್ ದಾಟಿ ಸ್ವಲ್ಪ ದೂರ ಹೋದರೆ ತಮಿಳುನಾಡು. ಈಚೆಗೆ ಬಿ.ಆರ್.ಟಿ. ಹುಲಿ ಸಂರಕ್ಷಿತ ಪ್ರದೇಶದ ಕಾಡು, ಸೋಲಿಗರ ಪೋಡುಗಳು. ಅಲ್ಲಿನ ಒಂದು ಪೋಡಿನವರು ನಮ್ಮನ್ನು ಕರೆಸಿದ್ದರು. ಅರಣ್ಯ ಹಕ್ಕು ಅರ್ಜಿಗಳ ಬಗ್ಗೆ ಉಪವಿಭಾಗ ಮಟ್ಟದ ಸಮಿತಿಯ ತೀರ್ಮಾನ ಬಂದಿತ್ತು. ಒಪ್ಪಿಗೆಯಾಗದಿದ್ದರೆ ಜಿಲ್ಲಾ ಸಮಿತಿಗೆ ಮೇಲ್ಮನವಿ ಹಾಕಲು ಇರುವುದು 60 ದಿನ. ಗ್ರಾಮಸಭೆಯ ನಡಾವಳಿ, ಕುಟುಂಬಗಳ ಪಟ್ಟಿ, ಸ್ಥಳ ತನಿಖೆಯ ಟಿಪ್ಪಣಿ ಎಲ್ಲವೂ ಒಂದು ಪೆನ್‌ಡ್ರೈವ್‌ನಲ್ಲಿದ್ದವು, 63 ಕಡತ. ಯಾರ ಹೆಸರು ಯಾವ ಸಭೆಯಲ್ಲಿ ಬಂದಿದೆ ಎಂದು ಹುಡುಕಿಕೊಡಬೇಕಿತ್ತು. ನಾವು ಓದಿದ್ದು ಪತ್ರಿಕೋದ್ಯಮ. ಆದರೆ ಲ್ಯಾಪ್‌ಟಾಪ್ ಹಿಡಿದು ಬಂದವರೆಲ್ಲ ಊರಿನ ಕಣ್ಣಿಗೆ ಕಂಪ್ಯೂಟರ್ ಓದಿದವರೇ.

ಮೊದಲ ಕಡತ ತೆರೆದೆವು. ತಲೆಯ ಮೇಲೆ ಟೊಪ್ಪಿ, ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಪಕ್ಕದಲ್ಲಿ ಕೂತಿದ್ದ ಹಿರಿಯರು ಕೇಳಿದರು: ‘ಇದ್ಯಾವ ಭಾಸೆ ಸಾ?’

ಕನ್ನಡವೇ. ಡಿಟಿಪಿ ಅಂಗಡಿಯಲ್ಲಿ ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಾದ ಕನ್ನಡ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟ್ ಅದು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಟೊಪ್ಪಿಗಳ ಜಾತ್ರೆ. ಫಾಂಟ್ ಹಾಕಿಕೊಂಡರೂ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಹುಡುಕಿದರೆ ಏನೂ ಸಿಗದು. ಇ-ಆಡಳಿತಕ್ಕೆ ಯೂನಿಕೋಡ್ ಮಾನಕ ಎಂದು ಕೇಂದ್ರ ಸರ್ಕಾರ ಹೇಳಿದ್ದು 2009ರಲ್ಲಿ. ನಮ್ಮ ಡಿಟಿಪಿ ಅಂಗಡಿಗಳಿಗೆ ಆ ಸುದ್ದಿ ಇನ್ನೂ ಪೂರ್ತಿ ತಲುಪಿಲ್ಲ.

ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವುದು ಬರೀ ಅಕ್ಷರಕ್ಕೆ ಅಕ್ಷರ ಇಡುವ ಕೆಲಸವಲ್ಲ. ‘ಧರ್ಮ’ದ ಅರ್ಕಾವತ್ತು ಆಸ್ಕಿಯಲ್ಲಿ ‘ಮ’ದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ‘ಮ’ದ ಮುಂಚೆ ಬರಬೇಕು. ಒತ್ತಕ್ಷರ, ದೀರ್ಘ, ಕೊಂಬು ಎಲ್ಲಕ್ಕೂ ಇಂಥ ಲೆಕ್ಕಾಚಾರವಿದೆ. ಇದನ್ನೆಲ್ಲ ಕೂತು ಬಿಡಿಸಿದ ಕನ್ನಡದ ಹುಡುಗ ಹುಡುಗಿಯರಿದ್ದಾರೆ, ಸಂಬಳವಿಲ್ಲದೆ ಮಾಡಿ ಕೋಡನ್ನು ಎಲ್ಲರ ಮುಂದೆ ಇಟ್ಟಿದ್ದಾರೆ. ಅವರ ಮೇಲೆ ನಮಗಿರುವ ಗೌರವ ದೊಡ್ಡದು. ಈ ಜಗಳ ಆಡುತ್ತಿರುವುದೂ ಅವರ ಜೊತೆಗೇ.

ಅಂಥದ್ದೊಂದು ಪರಿವರ್ತಕವನ್ನು ಇಳಿಸಿಕೊಂಡೆವು. ಹೆಸರು ಬೇಡ, ಅದೊಂದರದ್ದೇ ತಪ್ಪಲ್ಲ. ಹೇಗೆ ಹಾಕಿಕೊಳ್ಳಬೇಕು ಎಂಬ ಪುಟದಲ್ಲಿ ಉಬುಂಟುವಿಗೆ ಮೂರು ಸಾಲು, ಮ್ಯಾಕ್‌ಗೆ ಎರಡು ಸಾಲು. ವಿಂಡೋಸ್ ಎಂಬ ಪದವೇ ಇಲ್ಲ. ನಮ್ಮದು 4 ಜಿಬಿ ರ್‍ಯಾಮ್‌ನ ಸೆಕೆಂಡ್ ಹ್ಯಾಂಡ್ ವಿಂಡೋಸ್ ಲ್ಯಾಪ್‌ಟಾಪ್. ಪಂಚಾಯಿತಿ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ, ಶಾಲೆಗಳಲ್ಲಿ ನಾವು ಕಂಡಿರುವುದೂ ಹೆಚ್ಚುಕಮ್ಮಿ ಅದೇ.

ಮೊದಲು ಪೈಥಾನ್ ಹಾಕಿದೆವು. ಅದನ್ನು ಹಾಕುವಾಗ ಕಿಟಕಿಯ ಕೆಳಗೆ ‘ಪಾತ್’ಗೆ ಸೇರಿಸು ಎಂಬ ಸಣ್ಣ ಚೌಕ ಇರುತ್ತದೆ. ಅದಕ್ಕೆ ಟಿಕ್ ತಾನಾಗಿ ಬಿದ್ದಿರುವುದಿಲ್ಲ. ನಾವೂ ಹಾಕಲಿಲ್ಲ. ಆಮೇಲೆ ಯಾವ ಆಜ್ಞೆ ಕೊಟ್ಟರೂ ಕಂಪ್ಯೂಟರ್ ‘ಅಂಥದ್ದು ಗೊತ್ತಿಲ್ಲ’ ಅಂದಿತು. ಅದು ಗೊತ್ತಾಗುವಷ್ಟರಲ್ಲಿ ಅರ್ಧ ದಿನ ಹೋಯಿತು. ಸಿಗ್ನಲ್ಲಿಗಾಗಿ ಚೆಕ್‌ಪೋಸ್ಟ್ ಕಡೆಗೆ ಬೈಕಿನಲ್ಲಿ ಎರಡು ಸಲ ಓಡಾಡಿದ್ದು ಬೇರೆ. ಕೊನೆಗೆ ಪರಿವರ್ತಕ ಶುರುವಾಯಿತು, ಕಡತ ಓದಿತು, ಬದಲಿಸಿತು. ಬದಲಿಸಿದ ಕನ್ನಡವನ್ನು ಹೊಸ ಕಡತಕ್ಕೆ ಬರೆಯುವ ಹೊತ್ತಿಗೆ ಕುಸಿದು ಬಿತ್ತು.

ಯಾಕೆ ಎಂದು ಹುಡುಕಿದಾಗ ನಗು ಬಂತು, ಆಮೇಲೆ ಸಿಟ್ಟು ಬಂತು. ಕಡತ ತೆರೆಯುವಾಗ ಯಾವ ಸಂಕೇತ ಬಳಸಬೇಕೆಂದು ಹೇಳದಿದ್ದರೆ ಪೈಥಾನ್ ಆಯಾ ಆಪರೇಟಿಂಗ್ ಸಿಸ್ಟಂನ ರೂಢಿ ಹಿಡಿಯುತ್ತದೆ. ಲಿನಕ್ಸ್, ಮ್ಯಾಕ್‌ಗಳಲ್ಲಿ ಆ ರೂಢಿ ಯುಟಿಎಫ್-8, ಜಗತ್ತಿನ ಎಲ್ಲ ಲಿಪಿಗೂ ಜಾಗವಿರುವಂಥದ್ದು. ನಮ್ಮ ಬಹುತೇಕ ವಿಂಡೋಸ್ ಯಂತ್ರಗಳಲ್ಲಿ ಅದು ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಮಾಡಿದ 1252 ಎಂಬ ಹಳೆಯ ಪಟ್ಟಿ. ಅದರಲ್ಲಿ ಕನ್ನಡದ ಒಂದಕ್ಷರವೂ ಇಲ್ಲ. ಅಂದರೆ ಕನ್ನಡಕ್ಕಾಗಿ ಮಾಡಿದ ಉಪಕರಣ ಕನ್ನಡ ಬರೆಯುವ ಜಾಗದಲ್ಲೇ ಸಾಯುತ್ತದೆ. ಇಂಗ್ಲಿಷ್ ಕಡತ ಕೊಟ್ಟಿದ್ದರೆ ತಕರಾರಿಲ್ಲದೆ ಓಡುತ್ತಿತ್ತು! ‘ಯುಟಿಎಫ್-8ರಲ್ಲಿ ಬರೆ’ ಎಂದು ಒಂದು ಕಡೆ ಹೇಳಿದ್ದರೆ ಮುಗಿಯುತ್ತಿತ್ತು. ಪೈಥಾನ್ ಮಾಡುವವರೇ ಇದನ್ನು ದೋಷವೆಂದು ಒಪ್ಪಿ, 3.15ನೇ ಆವೃತ್ತಿಯಿಂದ ಎಲ್ಲ ಕಡೆ ಯುಟಿಎಫ್-8 ಅನ್ನೇ ರೂಢಿಯಾಗಿಸಲು ತೀರ್ಮಾನಿಸಿದ್ದಾರೆ. ಪೋಡಿನವರ 60 ದಿನ ಅಲ್ಲಿಯವರೆಗೆ ಕಾಯುವುದಿಲ್ಲ.

ನಮಗೆ ಬಂದ ಉತ್ತರಗಳು ಹೀಗಿದ್ದವು. ಒಂದನೆಯದು: ‘ಲಿನಕ್ಸ್ ಹಾಕಿಕೊಳ್ಳಿ.’ ನಾವೂ ಲಿನಕ್ಸ್ ಪರವೇ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಡಿಟಿಪಿಯವರ ಬೆರಳಿಗೆ ಕಗಪ ಎಂಬ ಹೆಸರಿನಲ್ಲಿ ಅಂಟಿಕೊಂಡಿರುವುದು, ಲಿನಕ್ಸ್‌ನಲ್ಲಿ ಬೇರೇನೂ ಇಳಿಸಿಕೊಳ್ಳದೆ ಸಿಗುತ್ತದೆ. ಈ ಮಾತನ್ನು ಎಷ್ಟು ಡಿಟಿಪಿ ಅಂಗಡಿಗೆ ಹೋಗಿ ಹೇಳಿದ್ದೀರಿ? ಆದರೂ ಪಂಚಾಯಿತಿಯ ಕಂಪ್ಯೂಟರನ್ನು ಅಳಿಸಿ ಬೇರೆ ಸಿಸ್ಟಂ ಹಾಕಲು ನಾವು ಯಾರು? ಅದಕ್ಕೆ ಅಂಟಿದ ಪ್ರಿಂಟರ್, ಟ್ಯಾಲಿ, ಬೆರಳಚ್ಚಿನ ಯಂತ್ರ ಎಲ್ಲ ವಿಂಡೋಸ್ ನಂಬಿಕೊಂಡು ಕೂತಿವೆ. ಕೇರಳದ ಶಾಲೆಗಳು ಸ್ವತಂತ್ರ ತಂತ್ರಾಂಶಕ್ಕೆ ಹೋದದ್ದು ಯಾರೋ ಬೈದಿದ್ದಕ್ಕಲ್ಲ. ಐಟಿ@ಸ್ಕೂಲ್ ಯೋಜನೆ ಮೇಷ್ಟ್ರುಗಳಿಗೆ ತರಬೇತಿ ಕೊಟ್ಟಿತು, ಶಾಲೆಗೆ ಬೇಕಾದ್ದನ್ನೆಲ್ಲ ತುಂಬಿದ ತನ್ನದೇ ಲಿನಕ್ಸ್ ಮಾಡಿ ಕೊಟ್ಟಿತು.

ಎರಡನೆಯದು: ‘ಡಾಕರ್ ಹಾಕಿದರೆ ಯಾವ ಸಿಸ್ಟಂನಲ್ಲೂ ಓಡುತ್ತದೆ.’ ವಿಂಡೋಸ್‌ನಲ್ಲಿ ಡಾಕರ್‌ಗೆ ಕನಿಷ್ಠ 4 ಜಿಬಿ ರ್‍ಯಾಮ್ ಬೇಕು. ನಮ್ಮ ಬಳಿ ಇರುವುದೇ 4. ಇಲಿ ಹಿಡಿಯಲು ಕುಮ್ಕಿ ಆನೆ ತರಿಸಿದ ಹಾಗಾಯಿತು.

ಮೂರನೆಯದು: ‘ಆನ್‌ಲೈನ್‌ನಲ್ಲಿ ಅಂಟಿಸಿ ಬದಲಿಸಿಕೊಳ್ಳಿ.’ ಕುಟುಂಬಗಳ ಹೆಸರು, ಆಧಾರ್ ಸಂಖ್ಯೆ ಇರುವ ಕಡತಗಳನ್ನು ಯಾರದೋ ಸರ್ವರಿಗೆ ಸುರಿಯಲು ನಮಗೆ ಮನಸ್ಸಾಗಲಿಲ್ಲ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಬ್ರೌಸರಿನೊಳಗೇ ಓಡುವ ಒಂದು ಪುಟ ಮಾಡಿಕೊಟ್ಟರೆ ಅದಕ್ಕಿಂತ ಒಳ್ಳೆಯದಿಲ್ಲ. ಬ್ರೌಸರ್ ಎಲ್ಲ ಸಿಸ್ಟಂನಲ್ಲೂ ಇದೆ.

‘ನಮ್ಮ ಬಳಿ ವಿಂಡೋಸ್ ಯಂತ್ರವಿಲ್ಲ, ಪರೀಕ್ಷೆ ಮಾಡುವುದು ಹೇಗೆ?’ ಎಂಬುದು ಇನ್ನೊಂದು. ಗಿಟ್‌ಹಬ್‌ನಲ್ಲಿ ಸಾರ್ವಜನಿಕವಾಗಿಟ್ಟ ಯೋಜನೆಗಳಿಗೆ ವಿಂಡೋಸ್ ಮತ್ತು ಮ್ಯಾಕ್ ಯಂತ್ರಗಳಲ್ಲಿ ಪರೀಕ್ಷೆ ನಡೆಸುವ ಸೌಲಭ್ಯ ಪುಕ್ಕಟೆ ಸಿಗುತ್ತದೆ. ಕೋಡ್ ಅಲ್ಲೇ ಇಟ್ಟಿರುವವರಿಗೆ ಈ ನೆವ ಹೇಳಲು ಬರುವುದಿಲ್ಲ. ಗಿಟ್ ಕೂಡ 2005ರಲ್ಲಿ ಲಿನಕ್ಸ್ ಕರ್ನಲ್‌ನವರ ಕೆಲಸಕ್ಕೆಂದು ಹುಟ್ಟಿದ್ದು. ಅದನ್ನು ವಿಂಡೋಸ್‌ಗೆ ಒಗ್ಗಿಸಿ, ಎರಡು ಸಲ ಕ್ಲಿಕ್ ಮಾಡಿ ಹಾಕಿಕೊಳ್ಳುವಂತೆ ಮಾಡಿದ್ದು ಬೇರೆ ಸ್ವಯಂಸೇವಕರು. ಆ ಕೆಲಸವನ್ನು ಯಾರೂ ಮಾಡದಿದ್ದರೆ ವಿಂಡೋಸ್ ಬಳಸಿಯೇ ಕಲಿತ ನಮ್ಮಂಥವರು ಗಿಟ್ ಮುಟ್ಟುತ್ತಲೇ ಇರಲಿಲ್ಲ.

ಸರ್ಕಾರದ ಪಾಲೂ ಇದೆ. ಕೇಂದ್ರ ಸರ್ಕಾರ ತನ್ನ ಕಚೇರಿಗಳಿಗೆ ಓಪನ್ ಸೋರ್ಸ್ ನೀತಿ ಮಾಡಿದ್ದು 2015ರಲ್ಲಿ. ಸಾರ್ವಜನಿಕ ದುಡ್ಡಿನಲ್ಲಿ ಆಗುವ ಕನ್ನಡ ತಂತ್ರಾಂಶದ ಕೋಡ್ ಮುಕ್ತವಾಗಿರಬೇಕು, ಕನಿಷ್ಠ ಎರಡು ಸಿಸ್ಟಂನಲ್ಲಿ ಓಡಬೇಕು, ಹಳ್ಳಿಯ ಒಂದು ಕಂಪ್ಯೂಟರಿನಲ್ಲಿ ಹಾಕಿ ತೋರಿಸಿದ ಮೇಲೆಯೇ ಬಿಲ್ ಪಾಸಾಗಬೇಕು. ಇದು ಅತಿಯಾಸೆ ಅಲ್ಲ. ಬೋರ್‌ವೆಲ್ ಕೊರೆದವನಿಗೂ ನೀರು ತೋರಿಸದೆ ಬಿಲ್ ಕೊಡುವುದಿಲ್ಲ. (ಕೊಡುತ್ತಾರೆ, ಆ ಕತೆ ಇನ್ನೊಮ್ಮೆ.)

ನಾವೂ ಕೈಕಟ್ಟಿ ಕೂತಿಲ್ಲ. ಆ ಒಂದು ಸಾಲಿನ ತಿದ್ದುಪಡಿಯನ್ನು ಪರಿವರ್ತಕ ಮಾಡಿದವರಿಗೆ ಕಳಿಸಿದ್ದೇವೆ, ಜೊತೆಗೆ ವಿಂಡೋಸ್‌ನಲ್ಲಿ ಹಾಕಿಕೊಳ್ಳುವ ಬಗೆಯನ್ನು ಚಿತ್ರ ಸಮೇತ ಕನ್ನಡದಲ್ಲಿ ಬರೆದು ಕೊಟ್ಟಿದ್ದೇವೆ. ಇನ್ನೂ ಒಪ್ಪಿಗೆ ಬಂದಿಲ್ಲ. ಅಷ್ಟರಲ್ಲಿ ಪೈಥಾನ್ ಸಮೇತ ಎಲ್ಲವನ್ನೂ ಒಂದೇ ಫೋಲ್ಡರಿಗೆ ತುಂಬಿ, ಕ್ಲಿಕ್ ಮಾಡಿದರೆ ಓಡುವ ಹಾಗೆ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡಿದ್ದೇವೆ. 63ರಲ್ಲಿ 58 ಕಡತ ಬದಲಾದವು. ಉಳಿದ 5 ಬೇರೆ ಯಾವುದೋ ಫಾಂಟಿನವು, ಅವನ್ನು ಕಣ್ಣಲ್ಲೇ ಓದಿ ಕೈಯಲ್ಲಿ ಬರೆದುಕೊಂಡೆವು. ಮೇಲ್ಮನವಿ 52ನೇ ದಿನ ಸಲ್ಲಿಕೆಯಾಯಿತು. ನಿಮ್ಮ ಪಂಚಾಯಿತಿಯಲ್ಲೂ ಟೊಪ್ಪಿ ಹಾಕಿಕೊಂಡ ಕಡತಗಳಿದ್ದರೆ ಹೇಳಿ ಕಳಿಸಿ, ಪೆನ್‌ಡ್ರೈವ್ ತರುತ್ತೇವೆ.