ಹೊಗೆ ನೋಡಿ ಬೋರ್ ಮಾಡಿಸಬೇಡಿ

ಬನಹಟ್ಟಿಯ ನೇಕಾರರ ಓಣಿಯಲ್ಲಿ ಮಗ್ಗದ ಖಟಖಟ ಸದ್ದಿನ ನಡುವೆಯೂ ಹಿರಿಯರು ತಲೆ ಎತ್ತಿ ನೋಡುವ ಇನ್ನೊಂದು ಸದ್ದಿದೆ. ಅದು ಯೆಜ್ಡಿ ಮೋಟಾರ್‌ಸೈಕಲ್ಲಿನದು. ನನ್ನ ಸ್ನೇಹಿತರೊಬ್ಬರ ಮನೆಯಲ್ಲಿ ಅಂಥದೊಂದು ಗಾಡಿ ಇದೆ. ಅವರ ತಂದೆ ಸೀರೆಯ ಗಂಟು ಕಟ್ಟಿಕೊಂಡು ಜಮಖಂಡಿ, ಮುಧೋಳ, ಬೀಳಗಿ ಎಂದು ತಿರುಗಿದ್ದು ಅದರ ಮೇಲೆಯೇ. ಈಗ ಅವರಿಗೆ ಗಾಡಿ ಓಡಿಸಲು ಆಗದು. ಕಟ್ಟೆಯ ಮೇಲೆ ಕುಳಿತು, ಮಗ ಕಿಕ್ ಹೊಡೆಯುವುದನ್ನು ನೋಡುತ್ತಾರೆ.

ಹೋದ ಕಬ್ಬಿನ ಹಂಗಾಮಿನಲ್ಲಿ ಆ ಗಾಡಿ ವಿಪರೀತ ಹೊಗೆ ಉಗುಳತೊಡಗಿತು. ಯೆಜ್ಡಿ ಎಂದ ಮೇಲೆ ಸ್ವಲ್ಪ ಹೊಗೆ ಇದ್ದದ್ದೇ. ಆದರೆ ಇದು ಓಣಿಯವರು ಬಾಗಿಲು ಹಾಕಿಕೊಳ್ಳುವಂಥ ಹೊಗೆ. ಎರಡೂ ಸೈಲೆನ್ಸರಿನ ತುದಿಯಿಂದ ಕಪ್ಪು ಎಣ್ಣೆ ತೊಟ್ಟಿಕ್ಕುತ್ತಿತ್ತು. ಮೂರು ಗ್ಯಾರೇಜಿಗೆ ತೋರಿಸಿದರು. ಮೂವರದೂ ಒಂದೇ ಮಾತು: "ಸಿಲಿಂಡರ್ ಆಯಿಲ್ ತಿನ್ನಾಕತ್ತೈತ್ರಿ. ಬೋರ್ ಮಾಡಸ್ರಿ, ಬ್ಯಾರೆ ದಾರಿ ಇಲ್ಲ."

ಸ್ನೇಹಿತರ ಸಂಕಟ ಬೇರೆಯೇ ಇತ್ತು. ಆ ಸಿಲಿಂಡರ್ ಹಿಂದೆಯೇ ಎರಡು ಸಲ ಬೋರ್ ಆಗಿದೆ. ಪ್ರತಿ ಸಲವೂ ಒಳಗೋಡೆಯನ್ನು ಕೊರೆದು, ಹಿಗ್ಗಿದ ಅಳತೆಗೆ ತಕ್ಕ ಪಿಸ್ಟನ್ ಕೂರಿಸುತ್ತಾರೆ. ಕೊರೆದ ಕಬ್ಬಿಣ ಮರಳಿ ಬರುವುದಿಲ್ಲ. ಹೊಸದನ್ನು ತರೋಣವೆಂದರೆ, 1961ರಲ್ಲಿ ಶುರುವಾದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂದವು ನಿಜ. ಆದರೆ ಅವು ಫೋರ್ ಸ್ಟ್ರೋಕ್ ಗಾಡಿಗಳು. ಅವುಗಳ ಸಿಲಿಂಡರ್ ಹಳೆಯದಕ್ಕೆ ಹೊಂದುವುದಿಲ್ಲ.

ನಾನು ಕೇಳಿದ್ದು ಒಂದೇ ಪ್ರಶ್ನೆ: "ಗೇರ್ ಆಯಿಲ್ ಕಡಿಮಿ ಆಗತೈತೇನ್ರಿ?"

"ಹೌದ್ರಿ, ತಿಂಗಳಿಗೊಮ್ಮೆ ಹಾಕಬೇಕಾಗತೈತಿ. ಎಲ್ಲೋ ಸೋರತಿರಬೇಕು."

"ಸೋರಿದ್ದು ನೆಲದ ಮ್ಯಾಲ ಬಿದ್ದೈತೇನು?"

ಗಾಡಿ ನಿಲ್ಲಿಸುವ ಜಾಗ ನೋಡಿದೆವು. ಸೈಲೆನ್ಸರಿನ ಕೆಳಗೆ ಕಲೆ ಇತ್ತು, ಎಂಜಿನ್ನಿನ ಕೆಳಗೆ ಒಣಗಿತ್ತು.

ಇಲ್ಲಿಯೇ ಗುಟ್ಟು ಇರುವುದು. ಬುಲೆಟ್‌ನಂಥ ಫೋರ್ ಸ್ಟ್ರೋಕ್ ಗಾಡಿಯಲ್ಲಿ ಎಂಜಿನ್ ಆಯಿಲ್ ಉರಿಯಲೇಬಾರದು. ಏರು ಹತ್ತುವಾಗ ನೀಲಿ ಹೊಗೆ ಬಂದರೆ ರಿಂಗು, ಬೋರಿನ ಮೇಲೆ ಸಂಶಯ. ಇಳಿಜಾರು ಇಳಿದು ಮತ್ತೆ ಆಕ್ಸಿಲರೇಟರ್ ತಿರುಗಿಸಿದಾಗ ಬುಸ್ಸೆಂದರೆ ವಾಲ್ವ್ ಗೈಡಿನ ಮೇಲೆ ಸಂಶಯ. ಈ ಲೆಕ್ಕವನ್ನೇ ಯೆಜ್ಡಿಗೂ ಹಚ್ಚಿದ್ದು ಗ್ಯಾರೇಜಿನವರ ತಪ್ಪು. ಟೂ ಸ್ಟ್ರೋಕ್ ಗಾಡಿಯಲ್ಲಿ ಸಿಲಿಂಡರ್ ಸವೆದರೆ ಕಿಕ್ ಹಗುರಾಗುತ್ತದೆ, ಎಳೆತ ತಗ್ಗುತ್ತದೆ, ಪಿಸ್ಟನ್ ಕಟಕಟ ಎನ್ನುತ್ತದೆ. ಅಷ್ಟರಿಂದಲೇ ಹೊಗೆ ಇಮ್ಮಡಿಯಾಗುವುದಿಲ್ಲ. ಉರಿಯಲು ಹೆಚ್ಚಿನ ಎಣ್ಣೆ ಬೇರೆ ಎಲ್ಲಿಂದಲೋ ಬರಬೇಕು.

ಮೊದಲು ಪೆಟ್ರೋಲಿನಲ್ಲಿ ಬೆರೆಸುವ ಎಣ್ಣೆ ನೋಡಬೇಕು. ಹಳೆಯ ಜಾವಾದ ಲೆಕ್ಕ 25ಕ್ಕೆ 1, ಅಂದರೆ ಲೀಟರಿಗೆ 40 ಮಿಲಿಲೀಟರ್. ಅಂದಾಜಿನ ಮೇಲೆ ಸುರಿದರೆ ಹೊಗೆ ಬಂದೇ ಬರುತ್ತದೆ. ನಮ್ಮವರು ಅಳೆದೇ ಹಾಕುತ್ತಿದ್ದರು. ಹಾಗಾದರೆ ಉಳಿದದ್ದು ಗೇರ್ ಆಯಿಲ್. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ ಮೇಲೇರಿದಾಗ ಕ್ರ್ಯಾಂಕ್ ಕೇಸು ಪಂಪಿನಂತೆ ಹೀರುತ್ತದೆ. ಕಾರ್ಬೊರೇಟರಿನಿಂದ ಪೆಟ್ರೋಲು ಬರುವುದೇ ಹೀಗೆ. ಯೆಜ್ಡಿಯ ಎಡಗಡೆ ಪ್ರೈಮರಿ ಚೈನು, ಕ್ಲಚ್ಚು, ಗೇರುಗಳಿಗೆಲ್ಲ ಒಂದೇ ಎಣ್ಣೆ. ಅದಕ್ಕೂ ಕ್ರ್ಯಾಂಕ್ ಕೇಸಿಗೂ ನಡುವೆ ಒಂದು ರಬ್ಬರ್ ಸೀಲು. ಅದು ಗಟ್ಟಿಯಾಗಿ ಹಿಡಿತ ಬಿಟ್ಟರೆ ಪೆಟ್ರೋಲಿನ ಜೊತೆ ಗೇರ್ ಆಯಿಲ್ಲೂ ಒಳಗೆ ಹೋಗಿ ಉರಿಯುತ್ತದೆ.

ಅನುಮಾನದ ಮೇಲೆ ಬಿಚ್ಚಬಾರದು, ಅಳೆಯಬೇಕು. ಗೇರ್ ಆಯಿಲ್ ಪೂರ್ತಿ ಇಳಿಸಿ, ಹೊಸದನ್ನು ಅಳೆದು ಹಾಕಿದೆವು. ವಾರ ಓಡಿಸಿ ಮತ್ತೆ ಇಳಿಸಿ ಅಳೆದಾಗ ಸಾಕಷ್ಟು ಮಾಯವಾಗಿತ್ತು. ಹೊರಗೆ ಸೋರಿಲ್ಲವೆಂದರೆ ಹೋದದ್ದು ಬೆಂಕಿಗೇ.

ಮುಧೋಳದ ಹಿರಿಯ ಮಿಸ್ತ್ರಿಯೊಬ್ಬರು ಎಡಗಡೆಯ ಕವರು, ಕ್ಲಚ್ಚು, ಚೈನು ತೆಗೆದು ಸೀಲು ಹೊರತೆಗೆದರು. ಬೆರಳಿನಿಂದ ಒತ್ತಿದರೆ ಮಣಿಯದಷ್ಟು ಒರಟಾಗಿತ್ತು. ಅವರು ತಕ್ಷಣ ಹೊಸದನ್ನು ಕೂರಿಸಲಿಲ್ಲ. ಶಾಫ್ಟು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿದರು, ಸೀಲು ಉಜ್ಜುವ ಜಾಗದ ಮೇಲೆ ಉಗುರಾಡಿಸಿದರು. ಬೇರಿಂಗು ಸಡಿಲಿದ್ದರೆ, ಶಾಫ್ಟಿನ ಮೇಲೆ ಗೆರೆ ಬಿದ್ದಿದ್ದರೆ ಹೊಸ ಸೀಲೂ ನಿಲ್ಲುವುದಿಲ್ಲ. ಎರಡೂ ಸರಿಯಿದ್ದವು. ಬಲಗಡೆಯ ಸೀಲನ್ನೂ ಬದಲಿಸಿದರು. ಆ ಕಡೆ ಎಣ್ಣೆಯಿಲ್ಲ, ಆದರೆ ಸೀಲು ಹೋದರೆ ಗಾಳಿ ನುಗ್ಗಿ ಪೆಟ್ರೋಲು ತೆಳುವಾಗುತ್ತದೆ. ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಂಡರೆ ಆಗ ನಿಜಕ್ಕೂ ಬೋರೇ ಗತಿ.

ಗಾಡಿ ಚಾಲೂ ಮಾಡಿದರೆ ಮತ್ತೆ ಅದೇ ಹೊಗೆ! ಸ್ನೇಹಿತರ ಮುಖ ಸಣ್ಣದಾಯಿತು. ಮಿಸ್ತ್ರಿ ನಕ್ಕರು: "ಸೈಲೆನ್ಸರಿನ್ಯಾಗ ಕುಂತಿದ್ದು ಸುಡಬೇಕಲ್ಲೋ ತಮ್ಮಾ. ಜಮಖಂಡಿಗಿ ಹೋಗಿ ಬಾ." ಹೋಗಿ ಬರುವಷ್ಟರಲ್ಲಿ ಹೊಗೆ ತಿಳಿಯಾಗಿತ್ತು.

ನಿಮ್ಮ ಗಾಡಿಗೆ ಬೋರ್ ಬೇಕಾಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಕಿಕ್ಕಿನಲ್ಲಿ ಬಿಗಿ ಇಲ್ಲದಿದ್ದರೆ ಸಿಲಿಂಡರ್ ಬಿಚ್ಚಿಸಿ, ಮೇಲೆ, ನಡುವೆ, ಕೆಳಗೆ ಬೋರ್ ಗೇಜಿನಿಂದ ಅಳೆಸಿ. ಹೊಸದಿದ್ದಾಗ ಅದರ ಒಳ ಅಳತೆ 65 ಮಿಲಿಮೀಟರ್. ಅಳತೆಯ ಅಂಕಿ ಕೈಗೆ ಬಂದ ಮೇಲೆ ತೀರ್ಮಾನ ಮಾಡಿ. ಸೀಲು ಬದಲಿಸಿದ್ದು ತಪ್ಪಾದರೆ ಹೋಗುವುದು ಸೀಲಿನ ದುಡ್ಡು, ಒಂದು ದಿನದ ಕೆಲಸ. ಬೋರ್ ಮಾಡಿಸಿದ್ದು ತಪ್ಪಾದರೆ ಸಿಲಿಂಡರಿನ ಆಯುಷ್ಯವೇ ಹೋಗುತ್ತದೆ.

ಅಂದು ಸಂಜೆ ಗಾಡಿ ಓಣಿಗೆ ಬಂದಾಗ ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ. ಕಟ್ಟೆಯ ಮೇಲಿದ್ದ ಹಿರಿಯರು ಸದ್ದು ಕೇಳಿ, "ಬಂದ್ ಮಾಡಬ್ಯಾಡ, ಸ್ವಲ್ಪ ಹೊತ್ತು ಇರಲಿ," ಎಂದರು.